ತುಮಕೂರು ರಸ್ತೆಯ ‘ಮುಖ್ಯಮಂತ್ರಿ’

ಬೆಂಗಳೂರಿನಿಂದ ತುಮಕೂರಿನ ಕಡೆ ಹೊರಟವರಿಗೆ ಪೀಣ್ಯ, ಎಂಟನೇ ಮೈಲಿ, ಮಾದಾವರ ದಾಟಿದ ಮೇಲೆ ಸಿಗುವ ಊರು ಮಾಕಳಿ. ಹೆದ್ದಾರಿಯ ಪಕ್ಕದಲ್ಲಿ ಹಿಮಾಲಯ ಔಷಧ ಕಂಪನಿ, ಗೋದಾಮುಗಳು, ಹೊಸ ಬಡಾವಣೆಗಳು. ಕಾರ್ಖಾನೆ ರಸ್ತೆಯೆಂದೇ ಹೆಸರಾದ ಇದನ್ನು ನಟರ ರಸ್ತೆ ಎಂದು ಕರೆದರೂ ತಪ್ಪಿಲ್ಲ. ಮಾಕಳಿಯ ಮುಂದಿನ ನೆಲಮಂಗಲ ತಾಲ್ಲೂಕಿನ ಹೊನ್ನಸಂದ್ರ, 1953ರಲ್ಲಿ ಹುಟ್ಟಿದ ಚಂದ್ರಶೇಖರ್ ಅವರ ಊರು. ನಾಡು ಅವರನ್ನು ಬಲ್ಲದ್ದು ‘ಮುಖ್ಯಮಂತ್ರಿ’ ಚಂದ್ರು ಎಂದು. ಇನ್ನೂ ಮುಂದೆ ಹೋದರೆ ತುಮಕೂರು ಸೀಮೆಯ ತೊಂಡಗೆರೆ, ಅದು ಟಿ.ಎಸ್. ಲೋಹಿತಾಶ್ವ ಅವರ ಹುಟ್ಟೂರು. ಆಚೆಗೆ ನಾಟಕ ಕಂಪನಿಯ ವೀರಣ್ಣನವರ ಗುಬ್ಬಿ, ನಟಿ ಉಮಾಶ್ರೀಯವರ ನೊಣವಿನಕೆರೆ.

ಚಂದ್ರು ಮತ್ತು ಲೋಹಿತಾಶ್ವ ಇಬ್ಬರೂ ನಾಟಕ, ಸಿನಿಮಾ, ಕಿರುತೆರೆ ಮೂರರಲ್ಲೂ ಬಾಳಿದವರು. ಇಬ್ಬರ ನಡುವೆ ಒಂದು ಪಾತ್ರದ ನಂಟೂ ಇದೆ. ಒಬ್ಬರು ಆಡಬೇಕಿದ್ದ ಪಾತ್ರವನ್ನು ಇನ್ನೊಬ್ಬರು ಆಡಿದರು. ಆಡಿದವರಿಗೆ ಅದು ಹೆಸರಾಗಿ ಅಂಟಿತು. ಕೈತಪ್ಪಿದವರೂ ನಟನೆಯಲ್ಲಿ ಅಷ್ಟೇ ದೂರ ನಡೆದರು. ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಅವರ ಪ್ರತಿಭೆಯ ಜೊತೆಗೆ ಅವರನ್ನು ಬೆಳೆಸಿದ ಹವ್ಯಾಸಿ ತಂಡಗಳ ರೀತಿಯನ್ನೂ ನೋಡಬೇಕು.

ಈ ಭಾಗದ ಹಳ್ಳಿಗಳಿಗೆ ನಾಟಕ ಹೊಸದಲ್ಲ. ಜಾತ್ರೆ ಬಂತೆಂದರೆ, ಸುಗ್ಗಿ ಮುಗಿಯಿತೆಂದರೆ ‘ಕುರುಕ್ಷೇತ್ರ’ ನಡೆಯಬೇಕು. ಪಾತ್ರ ಮಾಡುವವನೇ ಇಲ್ಲಿ ದುಡ್ಡು ಕೊಡುತ್ತಾನೆ: ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಚಿಕ್ಕ ಪಾತ್ರಗಳಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಬಂದು ಮಟ್ಟು ಹೇಳಿಕೊಡುತ್ತಾರೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು, ಬಾಡಿಗೆಗೆ ಸೀನರಿ, ಮೇಲಿನಿಂದ ಇಳಿಬಿಟ್ಟ ಮೈಕು. ಹಗಲು ಹಾಲು ಹಾಕಿ ಬಂದವನು ರಾತ್ರಿ ಗದೆ ಹಿಡಿದು ಬರುತ್ತಾನೆ. ಒಂದು ಕಂದ ಚೆನ್ನಾಗಿ ಎತ್ತಿದರೆ ನೆಂಟರು ವೇದಿಕೆ ಹತ್ತಿ ನೋಟಿನ ಹಾರ ಹಾಕುತ್ತಾರೆ, ಇನ್ನೊಮ್ಮೆ ಹಾಡಿಸುತ್ತಾರೆ. ಬೆಳಗಿನ ಜಾವದವರೆಗೆ ದನಿ ಉಳಿಸಿಕೊಳ್ಳುವುದೇ ಇಲ್ಲಿ ಮೊದಲ ಪರೀಕ್ಷೆ.

1970ರ ದಶಕದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ನಾಟಕ ಬಲವಾಯಿತು. ಬಿ.ವಿ. ಕಾರಂತರ ಬೆನಕ, ಸಿ.ಆರ್. ಸಿಂಹ ಮತ್ತು ಲೋಕೇಶ್ ಇದ್ದ ನಟರಂಗ, ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಸ್ಪಂದನ, ಡಾ. ಬಿ.ವಿ. ರಾಜಾರಾಂ ಅವರ ಕಲಾಗಂಗೋತ್ರಿ. ಇವು ಸಂಬಳ ಕೊಡುವ ಕಂಪನಿಗಳಲ್ಲ. ಬ್ಯಾಂಕು, ಕಾರ್ಖಾನೆ, ಕಾಲೇಜುಗಳಲ್ಲಿ ಕೆಲಸ ಮುಗಿಸಿದವರು ಸಂಜೆ ರಿಹರ್ಸಲ್‌ಗೆ ಸೇರುತ್ತಿದ್ದರು. ಈ ತಿಂಗಳು ನಾಯಕನಾದವನು ಮುಂದಿನ ನಾಟಕದಲ್ಲಿ ಬೆಳಕು ನೋಡಿಕೊಳ್ಳುತ್ತಿದ್ದ, ಟಿಕೆಟ್ ಮಾರುತ್ತಿದ್ದ. ಚಿಕ್ಕ ಪಾತ್ರದವನೂ ದಿನಾ ರಿಹರ್ಸಲ್‌ನಲ್ಲಿ ಕೂತು ಇಡೀ ನಾಟಕ ಕೇಳಬೇಕಿತ್ತು. ಹಾಗಾಗಿ ಅವನಿಗೆ ಎಲ್ಲರ ಮಾತೂ ಬಾಯಿಗೆ ಬರುತ್ತಿತ್ತು.

ಆ ಪದ್ಧತಿ ಎಷ್ಟು ಗಟ್ಟಿ ಎಂದು 1980ರಲ್ಲಿ ಗೊತ್ತಾಯಿತು. ಕಲಾಗಂಗೋತ್ರಿ ಕೈಗೆತ್ತಿಕೊಂಡ ನಾಟಕ ‘ಮುಖ್ಯಮಂತ್ರಿ’. ಚಾಣಕ್ಯ ಸೇನ್ ಅವರ ಕಾದಂಬರಿಯನ್ನು ರಂಜಿತ್ ಕಪೂರ್ ಹಿಂದಿಯಲ್ಲಿ ನಾಟಕವಾಗಿಸಿದ್ದರು. ಕನ್ನಡಕ್ಕೆ ತಂದವರು ಇಂಗ್ಲಿಷ್ ಮೇಷ್ಟ್ರಾಗಿದ್ದ ಲೋಹಿತಾಶ್ವ. ನಿರ್ದೇಶನ ರಾಜಾರಾಂ ಅವರದು. ಮುಖ್ಯಪಾತ್ರವೂ ಲೋಹಿತಾಶ್ವರದ್ದೇ ಆಗಬೇಕಿತ್ತು. ಅವರ ಆರೋಗ್ಯ ಕೆಟ್ಟಿತು. ನಾಟಕ ನಿಲ್ಲಿಸುವ ಹಾಗಿರಲಿಲ್ಲ. ಪಾತ್ರ ತಂಡದಲ್ಲೇ ಇದ್ದ ಯುವಕ ಚಂದ್ರು ಅವರ ಹೆಗಲಿಗೆ ಬಿತ್ತು.

ಆಗ ಅವರಿಗೆ ಇಪ್ಪತ್ತೇಳರ ಆಸುಪಾಸು. ಆಡಬೇಕಾಗಿದ್ದದ್ದು ರಾಜಕೀಯದಲ್ಲಿ ಪಳಗಿದ ಹಿರಿಯನನ್ನು. ಕೃಷ್ಣ ದ್ವೈಪಾಯನ ಕೌಶಲ್ ಎಂಬ ಮುಖ್ಯಮಂತ್ರಿಯ ಕುರ್ಚಿ ಅಲ್ಲಾಡುತ್ತಿದೆ, ಶಾಸಕರು ಒಬ್ಬೊಬ್ಬರಾಗಿ ಜಾರುತ್ತಿದ್ದಾರೆ. ಯಾರಿಗೆ ಯಾವ ಆಸೆ ತೋರಿಸಬೇಕು, ಯಾರ ಯಾವ ಗುಟ್ಟನ್ನು ಎಲ್ಲಿ ಎತ್ತಬೇಕು ಎಂಬ ಲೆಕ್ಕದಲ್ಲೇ ನಾಟಕ ಸಾಗುತ್ತದೆ. ಕಾದಾಟವಿಲ್ಲ, ಹಾಡಿಲ್ಲ, ಎಲ್ಲವೂ ಮಾತಿನಲ್ಲೇ ನಡೆಯಬೇಕು. ಒಬ್ಬರ ಮುಂದೆ ದೈನ್ಯ, ಮರುಗಳಿಗೆ ಇನ್ನೊಬ್ಬರ ಮುಂದೆ ಗದರಿಕೆ, ಒಬ್ಬನೇ ಇದ್ದಾಗ ದಣಿವು. ಈ ಮನುಷ್ಯ ಕುಟಿಲ ಎಂದು ಗೊತ್ತಿದ್ದೂ ಪ್ರೇಕ್ಷಕರು ಅವನು ಗೆಲ್ಲಲಿ ಎಂದು ಬಯಸುವಂತೆ ಮಾಡುವುದೇ ಪಾತ್ರದ ಕಷ್ಟ.

ಗುಂಡೂರಾಯರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ರಂಗಕ್ಕೆ ಬಂದ ನಾಟಕ ಎಷ್ಟೋ ಸರ್ಕಾರಗಳನ್ನು ಕಂಡು, ಏಳುನೂರಕ್ಕೂ ಹೆಚ್ಚು ಪ್ರದರ್ಶನಗಳನ್ನು ದಾಟಿತು. ಬಹುಮತ, ಬಂಡಾಯ, ಪಕ್ಷಾಂತರ ನಮ್ಮ ಸುದ್ದಿಯಿಂದ ಮರೆಯಾಗಲೇ ಇಲ್ಲವಾದ್ದರಿಂದ ಅದು ಹಳತಾಗಲಿಲ್ಲ. ಚಂದ್ರು ಮಾತ್ರ ಪಾತ್ರದ ವಯಸ್ಸನ್ನು ತಲುಪಿ, ಅದನ್ನೂ ದಾಟಿ ಮುಂದೆ ಹೋದರು. ಮೊದಲು ಬಣ್ಣ ಬಳಿದು ತರಿಸಬೇಕಿದ್ದ ಮುಪ್ಪು ಆಮೇಲೆ ತಾನಾಗಿಯೇ ಬಂತು.

ನಾಟಕದ ಹೆಸರು ಹೊತ್ತೇ ಅವರು ಸಿನಿಮಾಕ್ಕೂ ಹೋದರು. ‘ಚಕ್ರವ್ಯೂಹ’ (1983) ಮೊದಲಾದ ಚಿತ್ರಗಳ ನಂತರ ಅವರನ್ನು ಮನೆಮಾತಾಗಿಸಿದ್ದು ಹಾಸ್ಯಪಾತ್ರಗಳು. ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ (1990) ಚಿತ್ರದ ವಠಾರದ ಮಾಲೀಕನನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ಅನಂತನಾಗ್ ಅವರ ಬಾಡಿಗೆದಾರನ ಎದುರು ಆ ಮಾಲೀಕ ಹಾರಾಡುವುದನ್ನು ಗಮನಿಸಿ. ಕೂಗಾಟದ ನಡುವೆಯೂ ಪ್ರತಿ ಅಕ್ಷರ ಸ್ಪಷ್ಟ. ರವೀಂದ್ರ ಕಲಾಕ್ಷೇತ್ರದ ಕೊನೆಯ ಸಾಲಿಗೆ ಮಾತು ಮುಟ್ಟಿಸಿ ರೂಢಿಯಾದ ನಾಲಿಗೆ ಅದು.

ಲೋಹಿತಾಶ್ವರ ದಾರಿ ಬೇರೆ. ಅವರ ಕಂಚಿನ ಕಂಠ, ಎತ್ತರದ ನಿಲುವು ಸಿನಿಮಾದಲ್ಲಿ ಹೆಚ್ಚಾಗಿ ಖಳರನ್ನೂ ಅಧಿಕಾರಸ್ಥರನ್ನೂ ತಂದುಕೊಟ್ಟವು. ಕಿರುತೆರೆ ಅವರನ್ನು ಇನ್ನಷ್ಟು ಚೆನ್ನಾಗಿ ಬಳಸಿತು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’, ಕೊಡಗಿನ ಕೊನೆಯ ಅರಸನ ಕಥೆಯ ‘ಅಂತಿಮ ರಾಜ’, ಎಸ್.ಎಲ್. ಭೈರಪ್ಪನವರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ಗೃಹಭಂಗ’ ಅವರ ಧಾರಾವಾಹಿಗಳಲ್ಲಿ ಕೆಲವು. 2022ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಮಗ ಶರತ್ ಲೋಹಿತಾಶ್ವ ಅದೇ ದನಿಯ ವಾರಸುದಾರ.

ಇತ್ತ ಚಂದ್ರು ನಿಜವಾದ ರಾಜಕೀಯಕ್ಕೂ ಇಳಿದರು. 1985ರಲ್ಲಿ ಜನತಾ ಪಕ್ಷದಿಂದ ಗೌರಿಬಿದನೂರಿನ ಶಾಸಕರಾದರು. ರಂಗದ ಮೇಲಿನ ಮುಖ್ಯಮಂತ್ರಿ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದ ಸದನದಲ್ಲಿ ಸಾಮಾನ್ಯ ಸದಸ್ಯ. ಮುಂದೆ ಬಿಜೆಪಿಯಿಂದ ವಿಧಾನಪರಿಷತ್ತಿಗೆ ಹೋದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, ಕಾಂಗ್ರೆಸ್ ಸೇರಿದರು, 2022ರಲ್ಲಿ ಆಮ್ ಆದ್ಮಿ ಪಕ್ಷಕ್ಕೆ ಬಂದರು. ಪಕ್ಷಗಳು ಬದಲಾದರೂ ನಾಟಕ ಮಾತ್ರ ಅದೇ ಉಳಿಯಿತು. ಅವರ ರಾಜಕೀಯವನ್ನು ಒಪ್ಪದವರೂ ಟಿಕೆಟ್ ಕೊಂಡು ನೋಡಿದ ನಾಟಕ ಅದು.

ಬಹುಮುಖ ನಟ ಎಂದು ನಾವು ಒಬ್ಬೊಬ್ಬರನ್ನೇ ಹೊಗಳುತ್ತೇವೆ. ಆದರೆ ಲೋಹಿತಾಶ್ವ ಬರೆದುಕೊಟ್ಟ ಮಾತಿಲ್ಲದೆ, ರಾಜಾರಾಂ ಧೈರ್ಯವಿಲ್ಲದೆ, ಪ್ರತಿ ಪ್ರದರ್ಶನಕ್ಕೂ ಹೊತ್ತಿಗೆ ಸರಿಯಾಗಿ ಬಂದು ಮಂತ್ರಿಗಳಾದ ಸಹನಟರಿಲ್ಲದೆ ಈ ‘ಮುಖ್ಯಮಂತ್ರಿ’ ಒಂದು ವಾರವೂ ಬಾಳುತ್ತಿರಲಿಲ್ಲ. ಈಗ ಧಾರಾವಾಹಿ ಸೆಟ್ಟಿನಲ್ಲಿ ಹುಡುಗನೊಬ್ಬ ಕ್ಯಾಮೆರಾ ಪಕ್ಕ ನಿಂತು ಮಾತು ಪ್ರಾಂಪ್ಟ್ ಮಾಡುತ್ತಾನೆ. ಸಿನಿಮಾದಲ್ಲಿ ಡಬ್ಬಿಂಗ್ ಇದೆ. ಇಡೀ ನಾಟಕ ಬಾಯಿಪಾಠ ಮಾಡಿಕೊಂಡು, ಇನ್ನೊಬ್ಬರ ಪಾತ್ರಕ್ಕೂ ಸಿದ್ಧವಾಗಿರುವ ಅಭ್ಯಾಸ ಸಿಗುವುದು ತಂಡದಲ್ಲಿ ಮಾತ್ರ.

ಮಾಕಳಿ ಕಡೆಯ ಹುಡುಗ ಹುಡುಗಿಯರಿಗೆ ಈಗ ಆ ದಾರಿ ಮೊದಲಿಗಿಂತ ಹತ್ತಿರ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರಕ್ಕೇ ಬಂದಿದೆ. ಅಲ್ಲಿ ಹತ್ತಿದರೆ ಗಾಡಿ ಬದಲಿಸದೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಬಹುದು, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ನಟನಾಗಬೇಕೆಂದು ಆಡಿಷನ್‌ಗೆ ಅಲೆಯುವ ಮೊದಲು ಯಾವುದಾದರೂ ಹವ್ಯಾಸಿ ತಂಡದ ರಿಹರ್ಸಲ್‌ಗೆ ಹೋಗಿ ಕೂತುಕೊಳ್ಳಿ. ಸಿಕ್ಕ ಚಿಕ್ಕ ಪಾತ್ರ ಮಾಡಿ, ಉಳಿದವರ ಮಾತನ್ನೂ ಕಲಿತಿಟ್ಟುಕೊಳ್ಳಿ.