ಹೊಸ ಆಮೆ ಕಣ್ಣು ಬಿಡ್ತಿಲ್ವಾ?

ಅಕ್ವೇರಿಯಂ ಅಂಗಡಿಯಿಂದ ತಂದ ಕೆಂಪು ಕಿವಿಯ ಆಮೆ ಕಣ್ಣು ಮುಚ್ಕೊಂಡೇ ಇದ್ಯಾ? ನಿದ್ದೆ ಅಂದ್ಕೋಬೇಡಿ. ರೆಪ್ಪೆ ಊದಿದ್ರೆ ವಿಟಮಿನ್ ಎ ಕೊರತೆ ಇರಬಹುದು. ಬರೀ ಒಣ ಸೀಗಡಿ ತಿನ್ನೋ ಮರಿಗಳಲ್ಲಿ ಇದು ಮಾಮೂಲು. ಅಂಗಡಿಯವರು ಕೊಡೋದೂ ಅದೇ ಡಬ್ಬಿ ತಾನೆ!

ಈಜುವಾಗ ಒಂದೇ ಪಕ್ಕಕ್ಕೆ ವಾಲ್ತಾ, ಬಾಯಿ ತೆರೆದು ಉಸಿರಾಡ್ತಾ, ಮೂಗಲ್ಲಿ ಗುಳ್ಳೆ ಬರ್ತಿದ್ರೆ ನ್ಯುಮೋನಿಯಾ ಶಂಕೆ. ಅವತ್ತೇ ಸರೀಸೃಪ ನೋಡೋ ಪಶುವೈದ್ಯರ ಹತ್ರ ಹೋಗಿ. ಗಾಳಿಯಾಡೋ ಡಬ್ಬಿಗೆ ಒದ್ದೆ ಬಟ್ಟೆ ಹಾಸಿ ಒಯ್ಯಿರಿ, ನೀರು ತುಂಬಬೇಡಿ. ನಮ್ಮ ಮಾತ್ರೆ ಪುಡಿ ಮಾಡಿ ಹಾಕೋ ಸಾಹಸವೂ ಬೇಡ.

ತೊಟ್ಟಿಯಲ್ಲಿ ಮೇಲೆ ಹತ್ತಿ ಕೂರೋಕೆ ಒಣ ಕಲ್ಲು, ಅಲ್ಲಿ ಸುಮಾರು 32 ಡಿಗ್ರಿ ಬಿಸಿ, ಯುವಿಬಿ ದೀಪ ಬೇಕು. ಕಿಟಕಿ ಗಾಜಿನ ಬಿಸಿಲು ಸಾಲದು.

ಮುಟ್ಟಿದ್ಮೇಲೆ ಸೋಪಲ್ಲಿ ಕೈ ತೊಳೀರಿ, ಸಾಲ್ಮೊನೆಲ್ಲಾ ಇರಬಹುದು.

ಅಂದಹಾಗೆ, ನಿಮ್ಮದು ನಕ್ಷತ್ರ ಆಮೆನಾ? ಅದನ್ನ ಸಾಕೋದೇ ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ.