ಕೋರ್ಟಿಗೆ ರಜೆ, ತಾಲ್ಲೂಕು ಕಚೇರಿಗೆ ರಜೆಯಿಲ್ಲ

ಮೇ ತಿಂಗಳು ಬಂತೆಂದರೆ ಸಿವಿಲ್ ನ್ಯಾಯಾಲಯಗಳಿಗೆ ಬೇಸಿಗೆ ರಜೆ. ಕಾನೂನು ಓದುವ ಎಷ್ಟೋ ಹುಡುಗ ಹುಡುಗಿಯರು ಇಂಟರ್ನ್‌ಶಿಪ್‌ಗೆಂದು ಹೊರಡುವುದೂ ಅದೇ ತಿಂಗಳಲ್ಲಿ. ಬೆಂಗಳೂರಿನ ಯಾವುದೋ ಚೇಂಬರಿನಲ್ಲಿ ಕೂತು ಹಳೆಯ ಫೈಲು ತಿರುವಿ, ಕೊನೆಗೆ ಒಂದು ಪ್ರಮಾಣಪತ್ರ ಹಿಡಿದು ಮರಳುತ್ತಾರೆ. ಇತ್ತ ದಾವಣಗೆರೆ ಜಿಲ್ಲೆಯ ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ತಾಲ್ಲೂಕು ಕಚೇರಿಗಳಲ್ಲಿ ಕೆಲಸ ನಿಲ್ಲುವುದಿಲ್ಲ. ಪಹಣಿಯಲ್ಲಿ ತಂದೆಯ ಹೆಸರು ತಪ್ಪಾದವರು, ಪೋಡಿಗೆ ಅರ್ಜಿ ಕೊಟ್ಟು ಸರ್ವೆಯರ್ ದಾರಿ ಕಾಯುವವರು, ಬಗರ್ ಹುಕುಂ ಅರ್ಜಿಯ ಗತಿ ಕೇಳಲು ಬಂದವರು ಹಿಂಬರಹದ ಕಾಗದ ಹಿಡಿದು ನಿಂತಿರುತ್ತಾರೆ. ಅದರಲ್ಲಿ ಏನು ಬರೆದಿದೆಯೆಂದು ಓದಿ ಹೇಳುವವರೇ ಅಲ್ಲಿ ಅಪರೂಪ.

ಈ ನಾಲ್ಕು ತಾಲ್ಲೂಕುಗಳು ಬೇಸಿಗೆಯ ಕಾನೂನು ಶಾಲೆಯಾಗಬಹುದು, ಆಗಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ಎಲ್ಲೆಲ್ಲಿ ಮಾಡಬಹುದೆಂಬ ಪಟ್ಟಿಯಲ್ಲಿ ವಕೀಲರು, ನ್ಯಾಯಾಂಗದ ಜೊತೆಗೆ ಸ್ವಯಂಸೇವಾ ಸಂಸ್ಥೆಗಳೂ ಸ್ಥಳೀಯ ಆಡಳಿತ ಸಂಸ್ಥೆಗಳೂ ಇವೆ. ಅಂದರೆ ಗ್ರಾಮ ಪಂಚಾಯಿತಿಯಲ್ಲಿ ಕಳೆದ ನಾಲ್ಕು ವಾರವೂ ಲೆಕ್ಕಕ್ಕೆ ಬರುತ್ತದೆ.

ಈ ವಿಚಾರ ಹಳೆಯದು. 1973ರಲ್ಲಿ ಕಾನೂನು ನೆರವಿನ ಬಗ್ಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಮಿತಿಯ ವರದಿ ಬಂತು. 1977ರಲ್ಲಿ ಅವರೂ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರೂ ಸೇರಿ ಮತ್ತೊಂದು ವರದಿ ಕೊಟ್ಟರು. ಬಡವರಿಗೆ ಕಾನೂನು ನೆರವು ತಲುಪಿಸುವುದರಲ್ಲಿ ಕಾನೂನು ಶಾಲೆಗಳಿಗೂ ಪಾಲಿರಬೇಕೆಂಬ ಚಿಂತನೆ ಬೆಳೆದದ್ದು ಆ ಕಾಲದಲ್ಲಿ. 1986ರಲ್ಲಿ ದೂರದ ಅರುಣಾಚಲದಿಂದ ಬಂದ ಸುಕ್ ದಾಸ್ ಪ್ರಕರಣದಲ್ಲಿ ಭಗವತಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಆರೋಪಿ ಕೇಳಲಿಲ್ಲ ಎಂಬ ಕಾರಣಕ್ಕೆ ಉಚಿತ ವಕೀಲರನ್ನು ನಿರಾಕರಿಸುವಂತಿಲ್ಲ ಎಂದಿತು. ತನಗೆ ಹಕ್ಕಿದೆಯೆಂದೇ ತಿಳಿಯದವನು ಅದನ್ನು ಕೇಳುವುದಾದರೂ ಹೇಗೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೂ ಕಾನೂನು ಕಾಲೇಜುಗಳಲ್ಲಿ ನೆರವು ಕೇಂದ್ರ ತೆರೆಸುವುದನ್ನು ರಾಷ್ಟ್ರೀಯ ಪ್ರಾಧಿಕಾರದ ಕೆಲಸಗಳಲ್ಲೇ ಸೇರಿಸಿದೆ. ತಾಲ್ಲೂಕು ಮಟ್ಟದಲ್ಲಿ ಅಲ್ಲಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ವಕೀಲರಾಗಿ ನೋಂದಾಯಿಸಿಕೊಳ್ಳುವವರೆಗೆ ಕಾನೂನು ವಿದ್ಯಾರ್ಥಿಗಳು ಅರೆಕಾನೂನು ಸ್ವಯಂಸೇವಕರಾಗಲೂ ಅವಕಾಶವಿದೆ.

ಹಾಗಾದರೆ ಕೊರತೆ ಎಲ್ಲಿದೆ? ನಮ್ಮ ‘ಕಾನೂನು ಅರಿವು ನೆರವು’ ಕಾರ್ಯಕ್ರಮಗಳ ರೂಪದಲ್ಲೇ ಇದೆ. ಸಸಿಗೆ ನೀರೆರೆದು ಉದ್ಘಾಟನೆ, ಭಾಷಣ, ವಂದನಾರ್ಪಣೆ. ಮಧ್ಯಾಹ್ನದ ಊಟದ ಹೊತ್ತಿಗೆ ಶಾಮಿಯಾನ ಖಾಲಿ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಎಂದು ವೇದಿಕೆಯ ಮೇಲಿಂದ ನೂರು ಸಲ ಹೇಳಿದ್ದೇವೆ. ಕರ್ನಾಟಕ ಈ ಹಕ್ಕು ಕೊಟ್ಟಿದ್ದು 1994ರಲ್ಲಿ, ಕೇಂದ್ರ ಕೊಟ್ಟಿದ್ದು 2005ರಲ್ಲಿ. 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೆ ಹಕ್ಕು ಕೈತಪ್ಪುವುದು ಕೋರ್ಟಿನಲ್ಲಲ್ಲ, ಪೌತಿ ಖಾತೆಯ ಹಂತದಲ್ಲಿ. ಅಪ್ಪ ತೀರಿಕೊಂಡ ಮೇಲೆ ವಂಶವೃಕ್ಷ ಮಾಡಿಸುವಾಗ ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟುಹೋಗುತ್ತದೆ. ಇಲ್ಲವೇ ‘ತವರು ಬೇಕೋ ಜಮೀನು ಬೇಕೋ’ ಎಂಬ ಮಾತಿಗೆ ಕಟ್ಟುಬಿದ್ದು ಆಕೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಮ್ಯುಟೇಷನ್ ನೋಟಿಸ್ ಅವಧಿಯೊಳಗೆ ತಕರಾರು ಸಲ್ಲಿಸಬಹುದೆಂದು ಆಕೆಯ ಜಗುಲಿಯಲ್ಲಿ ಕೂತು ಹೇಳುವ ಒಬ್ಬ ವಿದ್ಯಾರ್ಥಿನಿ ಸಿಕ್ಕರೆ, ಅದು ಹತ್ತು ಭಾಷಣಕ್ಕಿಂತ ಹೆಚ್ಚು.

ನಾಲ್ಕು ತಾಲ್ಲೂಕುಗಳೂ ದಾವಣಗೆರೆ ಜಿಲ್ಲೆಯವೇ ಆದರೂ ಪಾಠ ಒಂದೇ ಅಲ್ಲ. 1997ರ ಆಗಸ್ಟ್ 15ರಂದು ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾದದ್ದು ಇತ್ತೀಚೆಗೆ. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ. ಅಲ್ಲಿನ ಕಾನೂನು ನೀರಿನದು. ಕೆರೆಯ ಗಡಿ ಯಾವುದು, ನಾಲೆಗೆ ಅಕ್ರಮ ಪಂಪ್‌ಸೆಟ್ ಇಟ್ಟರೆ ಕೊನೆ ಭಾಗದ ರೈತ ಯಾರನ್ನು ಕೇಳಬೇಕು ಎಂಬುದನ್ನು 1965ರ ನೀರಾವರಿ ಕಾಯ್ದೆ ಓದಿದವರಿಗಿಂತ ನಾಲೆಯ ಏರಿ ಮೇಲೆ ನಡೆದವರು ಚೆನ್ನಾಗಿ ಕಲಿಯುತ್ತಾರೆ. ಹೊನ್ನಾಳಿಯಲ್ಲಿ ತುಂಗಭದ್ರೆ: ನೆರೆ ಪರಿಹಾರ, ಮರಳು. ಬರದ ಜಗಳೂರಿನಲ್ಲಿ ಈಗ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆಯ ಮಾತು. ಯೋಜನೆಗಳು ಬಂದಲ್ಲಿ ಭೂಸ್ವಾಧೀನವೂ ಬರುತ್ತದೆ. 2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರ ಸಾಲದೆಂದು ಆಕ್ಷೇಪಿಸಲು, ಅವಾರ್ಡ್ ಆಗುವಾಗ ಹಾಜರಿದ್ದವನಿಗೆ ಇರುವುದು ಆರೇ ವಾರ. ಆ ಆರು ವಾರ ಕಳೆದರೆ ತಡಕ್ಕೆ ತಕ್ಕ ಕಾರಣ ತೋರಿಸಬೇಕಾಗುತ್ತದೆ. ಸಲಹೆ ಅದಕ್ಕೆ ಮೊದಲೇ ತಲುಪಬೇಕು.

ನ್ಯಾಮತಿಯಲ್ಲಿ ಎರಡು ಪಾಠಗಳಿವೆ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಎಸ್‌ಬಿಐ ಶಾಖೆಯಿಂದ ಸುಮಾರು 17 ಕಿಲೋ ಅಡವಿಟ್ಟ ಚಿನ್ನ ಕಳವಾಯಿತು. ಮರುವರ್ಷ ದಾವಣಗೆರೆ ಪೊಲೀಸರು ತಮಿಳುನಾಡಿನ ಬಾವಿಯೊಂದರಿಂದ ಬಹುಪಾಲು ಚಿನ್ನ ಎತ್ತಿ ತಂದರು. ಅಡವಿಟ್ಟ ಒಡವೆಗೆ ಬ್ಯಾಂಕಿನ ಹೊಣೆ ಎಷ್ಟು, ಸಿಕ್ಕ ಮಾಲು ವಾರಸುದಾರರ ಕೈಗೆ ಬರುವ ದಾರಿ ಯಾವುದು? 1872ರ ಕರಾರು ಕಾಯ್ದೆಯ ಒಣ ಸೆಕ್ಷನ್‌ಗಳಿಗೆ ಇದಕ್ಕಿಂತ ಜೀವಂತ ಉದಾಹರಣೆ ಯಾವ ಪಠ್ಯದಲ್ಲೂ ಸಿಗದು. ಇನ್ನೊಂದು ಪಾಠ ಲಂಬಾಣಿ ತಾಂಡಾಗಳದು. ಆ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ಈ ತಾಲ್ಲೂಕಿನಲ್ಲೇ. ‘ವಾಸಿಸುವವನೇ ಮನೆಯ ಒಡೆಯ’ ಎಂಬ ಆಶಯದಿಂದ, ತಾಂಡಾದಂಥ ದಾಖಲೆಯಿಲ್ಲದ ವಸತಿಗಳಿಗಾಗಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 52 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಹಕ್ಕುಪತ್ರ ಸಿಕ್ಕ ಮೇಲೂ ಅದು ಪಂಚಾಯಿತಿ ಖಾತೆಗೆ ಏರಿದೆಯೇ ಎಂದು ಮನೆಮನೆಯ ಕಾಗದ ನೋಡುವ ಕೆಲಸ ಉಳಿಯುತ್ತದೆ. ಅದಕ್ಕೆ ವಕೀಲಿ ಸನ್ನದು ಬೇಡ, ತಾಳ್ಮೆ ಬೇಕು.

ದೂರದ ಅಲಾಸ್ಕಾ ರಾಜ್ಯದಲ್ಲಿ ಒಂದೂ ಕಾನೂನು ಶಾಲೆಯಿಲ್ಲ. ಸಿಯಾಟಲ್ ವಿಶ್ವವಿದ್ಯಾಲಯದವರು ಬೇಸಿಗೆಯಲ್ಲಿ ಆಂಕರೇಜಿಗೇ ಹೋಗಿ ತರಗತಿ ನಡೆಸಿದರು. ನಮಗೆ ಅಷ್ಟು ದೂರದ ಪ್ರಯಾಣವೂ ಇಲ್ಲ. ದಾವಣಗೆರೆಯಲ್ಲೇ ಆರ್.ಎಲ್. ಕಾನೂನು ಕಾಲೇಜಿದೆ, ನಾಲ್ಕೂ ಊರುಗಳು ಬಸ್ಸಿನ ದಾರಿ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡದಲ್ಲಿ ಕಾನೂನು ಓದಿದ ಮಕ್ಕಳೇ ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ನಗರದ ದೊಡ್ಡ ಸಂಸ್ಥೆಗಳ ಎದುರು ಅವರು ಹಿಂಜರಿಯುವ ಕಾರಣವಿಲ್ಲ.

ಎಚ್ಚರವೂ ಬೇಕು. ವಿದ್ಯಾರ್ಥಿಗಳು ವಕಾಲತ್ತು ಹಾಕುವಂತಿಲ್ಲ, ಸಲಹೆ ತಪ್ಪಿದರೆ ನಷ್ಟ ಹಳ್ಳಿಯವರಿಗೆ. ಅದಕ್ಕೇ ಪ್ರತಿ ತಂಡಕ್ಕೂ ಸ್ಥಳೀಯ ವಕೀಲರ ಸಂಘದ ಒಬ್ಬ ಹಿರಿಯರು ಜೊತೆಗಿರಲಿ, ಅರ್ಜಿಗಳ ದಾಖಲೆ ಕಾನೂನು ಸೇವಾ ಸಮಿತಿಯಲ್ಲಿರಲಿ, ಮುಂದಿನ ಬೇಸಿಗೆಯ ತಂಡ ಅದನ್ನೇ ಮುಂದುವರಿಸಲಿ. ಕಾಲೇಜುಗಳು ಮೇವರೆಗೆ ಕಾಯದೆ ಈಗಲೇ ನಾಲ್ಕೂ ತಾಲ್ಲೂಕುಗಳ ಕಾನೂನು ನೆರವಿನ ಹೊಣೆ ಹೊತ್ತವರಿಗೆ ಪತ್ರ ಬರೆಯಬೇಕು.

ಓದುಗರೂ ಅಲ್ಲಿಯವರೆಗೆ ಕಾಯಬೇಕಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಲು ಅರ್ಹರು. ಕಾನೂನು ಸೇವೆಗಳ ಸಹಾಯವಾಣಿ ಸಂಖ್ಯೆ 15100.