ಕಾರು ಜರ್ಕ್ ಹೊಡೀತಿದ್ಯಾ? ಮಿಸ್‌ಫೈರ್ ಮನೆಯಲ್ಲೇ ಪತ್ತೆ ಮಾಡಿ

ತುಮಕೂರಿಂದ ಗುಬ್ಬಿಗೋ ಕುಣಿಗಲ್‌ಗೋ ಹೊರಟಾಗ ಪೆಟ್ರೋಲ್ ಕಾರು ಜರ್ಕ್ ಹೊಡೆಯುತ್ತಾ, ಪಿಕಪ್ ಇಲ್ವಾ? ಮಿಸ್‌ಫೈರ್ ಇರಬಹುದು, ಅಂದ್ರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ರೆ ಓಡಿಸಲೇಬೇಡಿ. ಉರಿಯದ ಪೆಟ್ರೋಲ್ ಹೊಗೆ ಪೈಪಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ.

ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0302 ಕೋಡ್ ಬಂದ್ರೆ ತೊಂದರೆ ಎರಡನೇ ಸಿಲಿಂಡರಿನದು.

ಎಂಜಿನ್ ತಣ್ಣಗಾಗಲಿ. ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇದ್ರೆ, ಎರಡನೇದು ಮೂರನೇದು ಅದಲುಬದಲು ಮಾಡಿ. ಕೋಡ್ ಅಳಿಸಿ, ಸ್ಟಾರ್ಟ್ ಮಾಡಿ, ಮತ್ತೆ ನೋಡಿ.

ಈಗ ಪಿ0303 ಬಂತಾ? ಕಾಯಿಲ್ ಹೋಗಿದೆ. ಪಿ0302 ಹಾಗೇ ಇದ್ಯಾ? ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿಯಲ್ಲಿ ಮಸಿ, ಎಣ್ಣೆ, ಬಿಳಿ ಪಿಂಗಾಣಿಯಲ್ಲಿ ಬಿರುಕು ಕಂಡ್ರೆ ಬದಲಿಸಿ.

ಆಗಲೂ ಸರಿಹೋಗದಿದ್ರೆ ಮೆಕ್ಯಾನಿಕ್ ಹತ್ರ ಇಂಜೆಕ್ಟರ್, ಕಂಪ್ರೆಷನ್ ಚೆಕ್ ಮಾಡಿಸಿ. ದೋಷ ಗೊತ್ತಾಗೋ ಮೊದಲೇ ಪಾರ್ಟ್ಸ್‌ಗೆ ದುಡ್ಡು ಸುರಿಯಬೇಡಿ.